ಬೀನ್ ಬ್ಯಾಗ್ ಆಮೇಲೆ, ಮೊದಲು ಕೊಡೆ ಇಡಲು ಜಾಗ ಕೊಡಿ

ಮಂಗಳೂರಿನಲ್ಲಿ ಆಫೀಸಿನ ಒಳಾಂಗಣ ಮಾಡಿಸಲು ನನ್ನ ಹತ್ತಿರ ಬರುವವರು ಈಗ ಕೇಳುವ ಮೊದಲ ಮಾತು ಬಹುತೇಕ ಒಂದೇ. "ಮೇಡಂ, ನಮ್ಮ ಸ್ಟಾಫ್ ಒಬ್ಬರಿಗೊಬ್ಬರು ಮಾತಾಡುವುದೇ ಇಲ್ಲ. ಎಂತಾದ್ರೂ ಮಾಡಿ. ಒಂದು ಫನ್ ಝೋನ್ ಹಾಕುವಾ." ಫನ್ ಝೋನ್ ಅಂದರೆ ಎರಡು ಬೀನ್ ಬ್ಯಾಗ್, ಒಂದು ಕೇರಂ ಬೋರ್ಡು, ಗೋಡೆಗೆ ಪ್ಲಾಸ್ಟಿಕ್ ಹುಲ್ಲು, ಅದರ ಮೇಲೆ ನಿಯಾನ್ ದೀಪದಲ್ಲಿ ಒಂದು ಇಂಗ್ಲಿಷ್ ವಾಕ್ಯ. ಫೋಟೋಗೆ ಚಂದ. ಸ್ವಲ್ಪ ತಿಂಗಳು ಬಿಟ್ಟು ಹೋಗಿ ನೋಡಿದರೆ ಬೀನ್ ಬ್ಯಾಗ್ ಮೇಲೆ ಕೊರಿಯರ್ ಡಬ್ಬಗಳು ಕೂತಿರುತ್ತವೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ಬೀನ್ ಬ್ಯಾಗ್ ಇರುವುದು ಮ್ಯಾನೇಜರ್ ಕ್ಯಾಬಿನ್ನಿನ ಗಾಜಿನ ಎದುರು. ಅಲ್ಲಿ ಕೂತವರು ಕೆಲಸ ಮಾಡುತ್ತಿಲ್ಲ ಅನ್ನೋದು ಎಲ್ಲರಿಗೂ ಕಾಣುತ್ತದೆ. ಸೀರೆ ಉಟ್ಟ ಅಕೌಂಟ್ಸ್ ಮೇಡಂ ಅದರಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಗಂಟು ನೋವಿನ ಕ್ಯಾಷಿಯರ್ ದೂರದಿಂದಲೇ ನೋಡಿ ನಕ್ಕು ಹೋಗುತ್ತಾರೆ. ಕೊನೆಗೆ ಆ ಮೂಲೆ ಉಳಿಯುವುದು ಹೊಸದಾಗಿ ಸೇರಿದ ಹುಡುಗರಿಗೆ, ಅದೂ ಬಾಸ್ ಊರಲ್ಲಿಲ್ಲದ ದಿನ.

ಜನ ಸೇರಲು ಜಾಗ ಬೇಕು, ನಿಜ. ಅದಕ್ಕಿಂತ ಮೊದಲು ನೆಪ ಬೇಕು. ಚಾ ಕುಡಿಯುವ ನೆಪ, ಬುತ್ತಿ ಬಿಸಿ ಮಾಡುವ ನೆಪ, ಮಳೆ ಸ್ವಲ್ಪ ಕಮ್ಮಿಯಾಗಲಿ ಅಂತ ಕಾಯುವ ನೆಪ. ಕೈಯಲ್ಲಿ ಏನೋ ಒಂದು ಸಣ್ಣ ಕೆಲಸ ಇದ್ದಾಗ ಪಕ್ಕದವರ ಜೊತೆ ಮಾತು ತಾನಾಗಿ ಶುರುವಾಗುತ್ತದೆ. "ಇಲ್ಲಿ ಕೂತು ಬೆರೆಯಿರಿ" ಅಂತ ಬೋರ್ಡು ಹಾಕಿದ ಕಡೆ ಯಾರ ಬಾಯಿಂದಲೂ ಮಾತು ಹೊರಡುವುದಿಲ್ಲ.

ನಮ್ಮ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಹಾಗಾಗಿ ಇಲ್ಲಿ ಯಾವ ಬೀದಿಗೆ ಹೋದರೂ ಒಬ್ಬರಾದರೂ ರಿಟೈರ್ಡ್ ಬ್ಯಾಂಕಿನವರು ಸಿಗುತ್ತಾರೆ. ಕಂಪ್ಯೂಟರ್ ಬರುವ ಮೊದಲು ಕೆಲಸ ಹೇಗಿತ್ತು ಅಂತ ಅವರನ್ನು ಕೇಳಿ ನೋಡಿ. ಗಿರಾಕಿ ಚೆಕ್ ಕೊಟ್ಟರೆ ಅವರ ಕೈಗೆ ಒಂದು ಹಿತ್ತಾಳೆ ಟೋಕನ್. ಚೆಕ್ ಮಾತ್ರ ಲೆಡ್ಜರ್ ಬರೆಯುವವರ ಮೇಜಿಗೆ ಹೋಗಬೇಕು. ಅಲ್ಲಿಂದ ಸಹಿ ತಾಳೆ ನೋಡುವ ಆಫೀಸರ್ ಹತ್ತಿರ, ಆಮೇಲೆ ಕ್ಯಾಷಿಯರ್ ಹತ್ತಿರ. ದಪ್ಪ ಲೆಡ್ಜರ್ ಹೊತ್ತು ಓಡಾಡುವಾಗ "ಮಗಳ ಮದುವೆ ಎಲ್ಲಿಗೆ ಬಂತು ಭಟ್ರೇ?" ಅನ್ನೋ ಮಾತೂ ಜೊತೆಗೇ ಓಡಾಡುತ್ತಿತ್ತು. ಅದನ್ನು ಯಾವ ಆರ್ಕಿಟೆಕ್ಟೂ ಪ್ಲಾನ್ ಮಾಡಿರಲಿಲ್ಲ. ಕೆಲಸವೇ ಜನರನ್ನು ಎಬ್ಬಿಸಿ ಇನ್ನೊಬ್ಬರ ಮೇಜಿಗೆ ಕಳಿಸುತ್ತಿತ್ತು. ಈಗ ಎಲ್ಲವೂ ಪರದೆಯ ಮೇಲೆ. ಕುರ್ಚಿ ಬಿಟ್ಟು ಏಳಬೇಕಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ಅದರ ಜೊತೆ ಹೋದ ನೆಪಗಳನ್ನು ಈಗ ಕಟ್ಟಡವೇ ಒದಗಿಸಿಕೊಡಬೇಕಾಗಿದೆ.

ದೂರದ ವಿಷಯವೂ ಉಂಟು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಥಾಮಸ್ ಅಲೆನ್ ಎಂಜಿನಿಯರುಗಳ ಮೇಜುಗಳ ನಡುವಿನ ದೂರವನ್ನೂ, ಯಾರು ಯಾರ ಜೊತೆ ಎಷ್ಟು ಮಾತಾಡುತ್ತಾರೆ ಅನ್ನೋದನ್ನೂ ಒಟ್ಟಿಗೆ ಇಟ್ಟು ನೋಡಿದರು. 1977ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಮೊದಲ ಕೆಲವು ಮೀಟರುಗಳಲ್ಲೇ ಮಾತು ಸರ್ರನೆ ಇಳಿಯುತ್ತದೆ. 50 ಮೀಟರ್ ದಾಟಿದರೆ ವಾರಕ್ಕೊಮ್ಮೆ ಮಾತಾಡುವ ಸಾಧ್ಯತೆಯೂ ತೀರಾ ಕಮ್ಮಿ. ಮಹಡಿ ಬೇರೆಯಾದರಂತೂ ಕೇಳುವುದೇ ಬೇಡ. ನಮ್ಮ ಊರಿನ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ. ಒಂದೇ ಕಾಂಪ್ಲೆಕ್ಸಿನಲ್ಲಿ ಮೂರನೇ ಮಹಡಿ ಖಾಲಿ ಇತ್ತು ಅಂತ ಅದನ್ನು ತಗೊಳ್ಳುತ್ತಾರೆ. ಎರಡು ವರ್ಷ ಬಿಟ್ಟು ಆರನೆಯದು ಸಿಗುತ್ತದೆ. ಮೇಲಿನವರು ಕೆಳಗಿನವರನ್ನು ನೋಡುವುದು ದೀಪಾವಳಿ ಪೂಜೆಗೆ.

ಇಂಥ ಕಡೆ ನಾನು ಒಳ್ಳೆ ಚಾ-ಕಾಫಿ ಯಂತ್ರವನ್ನು ಒಂದೇ ಮಹಡಿಗೆ ಕೊಟ್ಟು, ಊಟದ ಕೋಣೆಯನ್ನು ಇನ್ನೊಂದಕ್ಕೆ ಹಾಕುತ್ತೇನೆ. ಇದನ್ನು ಅತಿ ಮಾಡಬಾರದು. ಅಮೆರಿಕದ ಅನಿಮೇಷನ್ ಸಿನಿಮಾ ಕಂಪನಿ ಪಿಕ್ಸಾರ್‌ನ ಎಮರಿವಿಲ್ ಕಟ್ಟಡಕ್ಕೆ ಅದರ ಆಗಿನ ಮಾಲೀಕ ಸ್ಟೀವ್ ಜಾಬ್ಸ್ ನಡುವಿನ ಹಜಾರದಲ್ಲಿ ಮಾತ್ರ ಟಾಯ್ಲೆಟ್ ಇರಲಿ, ಎಲ್ಲರೂ ಅಲ್ಲಿಗೇ ಬಂದು ಭೇಟಿಯಾಗಲಿ ಅಂತ ಹಟ ಹಿಡಿದಿದ್ದರಂತೆ. ಬಸುರಿ ಹೆಂಗಸರು ಅಷ್ಟು ದೂರ ನಡೆಯಬೇಕಾ ಅಂತ ಸಿಬ್ಬಂದಿ ತಕರಾರು ತೆಗೆದ ಮೇಲೆ ಬಿಟ್ಟರು. ಚಾ ಬೇಡದಿದ್ದರೆ ಬಿಡಬಹುದು, ಟಾಯ್ಲೆಟ್ ಬಿಡಲಾಗುತ್ತದಾ?

"ಹಾಗಾದರೆ ಗೋಡೆ ಎಲ್ಲ ತೆಗೆದುಬಿಡಿ" ಅನ್ನುವವರು ಜಾಸ್ತಿ. ಖರ್ಚೂ ಕಮ್ಮಿ, ಅಲ್ವಾ? ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಇವರಿಗೆ ಹೇಳುತ್ತೇನೆ. ಎರಡು ದೊಡ್ಡ ಕಂಪನಿಗಳು ಬಯಲು ಆಫೀಸಿಗೆ ಬದಲಾದಾಗ, ನೌಕರರಿಗೆ ಸೆನ್ಸರ್ ಇರುವ ಬ್ಯಾಡ್ಜ್ ಹಾಕಿ ಮೊದಲೂ ಆಮೇಲೂ ಅಳೆದರು. ಎದುರಾಎದುರು ಮಾತು ಸುಮಾರು ಶೇ 70ರಷ್ಟು ಇಳಿದಿತ್ತು. ಇಮೇಲ್ ಏರಿತ್ತು. ಇದರಲ್ಲಿ ಆಶ್ಚರ್ಯ ಎಂತದು? ಸಣ್ಣ ಸ್ವರದಲ್ಲಿ ಒಬ್ಬರಿಗೆ ಹೇಳಬೇಕಾದ್ದನ್ನು ನಲವತ್ತು ಜನರ ಕಿವಿಗೆ ಬೀಳುವಂತೆ ಯಾರು ಹೇಳುತ್ತಾರೆ? ಸುಮ್ನೆ ಚಾಟ್‌ನಲ್ಲಿ ಬರೆದು ಮುಗಿಸುತ್ತಾರೆ.

ಹಾಗಾಗಿ ಎಷ್ಟೇ ಸಣ್ಣ ಆಫೀಸಾದರೂ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ನನ್ನ ಪ್ಲಾನಿನಲ್ಲಿ ಇದ್ದೇ ಇರುತ್ತದೆ. ಏಳು ಅಡಿಗೆ ಎಂಟು ಅಡಿ ಸಾಕು. ಬಾಗಿಲಿಗೆ ಹೆಸರು ಬರೆಸುವುದಿಲ್ಲ. ತಲೆನೋವು ಬಂದವರು ಹತ್ತು ನಿಮಿಷ ಮಲಗಬಹುದು, ನಮಾಜು ಮಾಡುವವರು ಮಾಡಬಹುದು, ಹೆರಿಗೆ ರಜೆ ಮುಗಿಸಿ ಬಂದ ತಾಯಿ ಹಾಲು ತೆಗೆದಿಡಬಹುದು. ಮನೆಯಿಂದ ಕೆಟ್ಟ ಸುದ್ದಿ ಬಂದವರು ಅತ್ತು ಮುಖ ತೊಳೆದುಕೊಂಡು ಹೊರಗೆ ಬರಬಹುದು. ಇದು ನಮ್ಮ ಜಾಗ ಅಂತ ಅನ್ನಿಸಬೇಕಾದರೆ ಒಬ್ಬರೇ ಇರಲಿಕ್ಕೂ ಜಾಗ ಬೇಕಾಗುತ್ತದೆ.

ಇನ್ನು ಮಳೆಯ ವಿಷಯ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಬೇರೆ ಊರಿನಲ್ಲಿ ಜನ ಸಂಜೆ ಬೀದಿಬದಿ ಚಾ ಅಂಗಡಿಗೆ ಹೋಗಿ ಹರಟೆ ಹೊಡೆಯುತ್ತಾರೆ. ಇಲ್ಲಿ ನಾಲ್ಕು ತಿಂಗಳು ಅದು ಆಗದ ಮಾತು. ಆ ನಾಲ್ಕು ತಿಂಗಳು ನಿಜವಾದ ಹರಟೆ ಕಟ್ಟೆ ಆಫೀಸಿನ ಪೋರ್ಟಿಕೋ. ಬೆಳಿಗ್ಗೆ ರೈನ್‌ಕೋಟ್ ಬಿಚ್ಚುವಾಗ, ಸಂಜೆ ಮಳೆ ನಿಲ್ಲಲು ಕಾಯುವಾಗ ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ಬೈಕಿನ ಹುಡುಗ, ಬಸ್ಸಿಗೆ ಹೋಗುವ ಅಕ್ಕ, ಕಾರಿನ ಡೈರೆಕ್ಟರ್ ಎಲ್ಲರಿಗೂ ಒಂದೇ ಮಳೆ. "ಪಂಪ್‌ವೆಲ್‌ನಲ್ಲಿ ನೀರು ನಿಂತಿದೆಯಂತೆ" ಅಂತ ಒಬ್ಬರು ಶುರು ಮಾಡಿದರೆ ಸಾಕು. ಮೀಟಿಂಗಿನಲ್ಲಿ ಬಾಯಿ ಬಿಡದವರೂ ಅಲ್ಲಿ ಮಾತಾಡುತ್ತಾರೆ.

ಆದರೆ ನಕ್ಷೆಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮೂರಡಿ ಛಾವಣಿ ಬಿಟ್ಟು ಉಳಿದದ್ದನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತಾರೆ. "ಚದರಡಿ ಲೆಕ್ಕದಲ್ಲಿ ಬಾಡಿಗೆ ಕೊಡುವುದು ಮಾರಾಯ್ರೆ, ಕೊಡೆಗೆ ಎಂತಕ್ಕೆ ಅಷ್ಟು ಜಾಗ?" ನಾನು ಎಂಟಡಿ ಆಳ ಕೇಳುತ್ತೇನೆ, ಜಗಳವಾಡಿ ಆರು ಅಡಿಗೆ ಒಪ್ಪುತ್ತೇನೆ. ನೆಲ ಒರಟಾಗಿರಬೇಕು, ಹೊಳೆಯುವ ಟೈಲ್ಸ್ ಅಲ್ಲಿ ಬೇಡವೇ ಬೇಡ, ಜಾರುತ್ತದೆ. ನೀರು ಹರಿದು ಹೋಗಲು ಸ್ವಲ್ಪ ಇಳಿಜಾರು. ಕೊಡೆಗೆ ಕೊಕ್ಕೆ, ರೈನ್‌ಕೋಟ್‌ಗೆ ಕಂಬಿ. ದಾರಿಗೆ ಅಡ್ಡ ಬಾರದ ಹಾಗೆ ಗೋಡೆ ಬದಿಗೆ ಒಂದೂವರೆ ಅಡಿ ಎತ್ತರದ ಉದ್ದ ಕಲ್ಲಿನ ಕಟ್ಟೆ. ಪಡುವಣದ ಇರಚಲು ತಡೆಯಲು ಆ ಕಡೆ ತೂತು ತೂತಿನ ಜಾಲಿ ಗೋಡೆ. ಒಂದು ಬೀನ್ ಬ್ಯಾಗ್ ಮೂಲೆಗೆ ಸುರಿಯುವ ದುಡ್ಡಿನಲ್ಲಿ ಇಷ್ಟೂ ಆಗುತ್ತದೆ.

ಊಟದ ಕೋಣೆ ಇದಕ್ಕಿಂತ ಸೂಕ್ಷ್ಮ. ಒಟ್ಟಿಗೆ ಊಟ ಮಾಡುವುದರ ಬಗ್ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಜೊತೆಗಾರರು ಅಗ್ನಿಶಾಮಕ ಠಾಣೆಗಳಲ್ಲಿ ಅಧ್ಯಯನ ಮಾಡಿದ್ದಾರೆ. 2015ರಲ್ಲಿ ಅದು ಪ್ರಕಟವಾಯಿತು. ಒಟ್ಟಿಗೆ ಉಣ್ಣುವ ಅಭ್ಯಾಸ ಹೆಚ್ಚಿದ್ದ ತಂಡಗಳ ಕೆಲಸಕ್ಕೆ ಮೇಲಧಿಕಾರಿಗಳು ಹೆಚ್ಚು ಅಂಕ ಕೊಟ್ಟಿದ್ದರು. ಸರಿ. ಆದರೆ ಅಲ್ಲಿ ನಮ್ಮ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಪ್ರಶ್ನೆ ಇರಲಿಲ್ಲವಲ್ಲ!

ಇದನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತಾರೆ. ಕರಾವಳಿಯ ಆಫೀಸಿನಲ್ಲಿ ಯಾರು ಯಾರ ಜೊತೆ ಊಟಕ್ಕೆ ಕೂರುತ್ತಾರೆ ಅನ್ನೋದನ್ನು ಎಷ್ಟೋ ಸಲ ಮೀನಿನ ವಾಸನೆಯೇ ನಿರ್ಧರಿಸುತ್ತದೆ. ಕೆಲವು ಕಡೆ "ಇಲ್ಲಿ ಮೀನು, ಮಾಂಸ ತರಬಾರದು" ಅಂತ ನೋಟಿಸು. ಮೀನಿನ ಬುತ್ತಿಯವರು ಪಾರ್ಕಿಂಗ್‌ನಲ್ಲೋ ಟೆರೇಸ್ ಮೆಟ್ಟಿಲಲ್ಲೋ ಉಣ್ಣುತ್ತಾರೆ. ಅವರನ್ನು ಸೇರಿಸಿಕೊಳ್ಳಲು ಆಮೇಲೆ ಎಷ್ಟು ಟೀಮ್ ಔಟಿಂಗ್ ಮಾಡಿದರೂ ಅಷ್ಟಕ್ಕಷ್ಟೇ. ಇನ್ನೊಂದು ಕಡೆ, ಹುಟ್ಟಿನಿಂದ ಮೀನು ಮುಟ್ಟದವರಿಗೆ ಆ ವಾಸನೆಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅನ್ನೋದೂ ನಿಜ. ಇಬ್ಬರನ್ನೂ ಬೈದು ಪ್ರಯೋಜನ ಇಲ್ಲ. ಇದರಲ್ಲಿ ಅರ್ಧ ಸಮಸ್ಯೆ ಗಾಳಿಯದ್ದು, ಅದನ್ನು ನಾವು ಸರಿ ಮಾಡಬಹುದು.

ಮಳೆಗಾಲದಲ್ಲಿ ಇಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಬುತ್ತಿ ಬಿಸಿ ಮಾಡುವ ಕಟ್ಟೆಯನ್ನು ಪಡುವಣ ಗೋಡೆಗೆ ಹಾಕಿದರೆ ವಾಸನೆ ಇಡೀ ಆಫೀಸಿಗೆ ಹೋಗುತ್ತದೆ. ಇರಚಲು ಅಂತ ಆ ಕಿಟಕಿ ಮುಚ್ಚಿದರೆ ಕೋಣೆಯಲ್ಲೇ ನಿಲ್ಲುತ್ತದೆ. ಅದನ್ನು ಮೂಡಣ ಬದಿಗೆ ಒಯ್ದು, ಮೇಲೆ ಒಳ್ಳೆ ಎಕ್ಸಾಸ್ಟ್ ಹಾಕಿ, ಮೈಕ್ರೋವೇವ್ ಎರಡು ಇಡಿ, ಒಂದು ಸಸ್ಯಾಹಾರಕ್ಕೆ. ವಾಸನೆ ಹೆಚ್ಚಾಗಿ ಏಳುವುದು ಬಿಸಿ ಮಾಡುವಾಗ. ಆ ಹೊತ್ತು ದಾಟಿದರೆ ಜಗಳದ ಬಿಸಿಯೂ ಇಳಿಯುತ್ತದೆ. ಮೇಜು ಮಾತ್ರ ಒಂದೇ ಇರಲಿ, ಉದ್ದದ್ದು. ತುದಿಗಳು ಎರಡಿರುತ್ತವೆ, ಬೇಕಾದವರು ದೂರ ಕೂರುತ್ತಾರೆ. ನಾಲ್ಕು ಜನರ ಸಣ್ಣ ಮೇಜುಗಳು ನನಗೆ ಇಷ್ಟವಿಲ್ಲ. ಮೂವರು ಕೂತ ಮೇಜಿಗೆ ನಾಲ್ಕನೆಯವರು ಹೋಗಬೇಕಾದರೆ "ಕೂರಬಹುದಾ?" ಅಂತ ಕೇಳಬೇಕು. ಹುಬ್ಬಳ್ಳಿಯಿಂದಲೋ ಪಾಟ್ನಾದಿಂದಲೋ ಮೊನ್ನೆ ಬಂದು ಸೇರಿದ ಹುಡುಗಿ ಕೇಳುವುದಿಲ್ಲ, ತಟ್ಟೆ ಹಿಡಿದು ತನ್ನ ಕಂಪ್ಯೂಟರ್ ಮುಂದೆ ಹೋಗಿ ಕೂರುತ್ತಾಳೆ. ಉದ್ದ ಮೇಜಿನ ತುದಿಯಲ್ಲಿ ಯಾರನ್ನೂ ಕೇಳದೆ ಕೂರಬಹುದು. ಅಲ್ಲಿ ಯಾರಾದರೂ "ವಣಸಾಂಡಾ?" (ಊಟ ಆಯ್ತಾ?) ಅಂತ ತುಳುವಿನಲ್ಲಿ ವಿಚಾರಿಸಿದರೆ ಅರ್ಥವಾಗದಿದ್ದರೂ ಒಂದು ಮಾತು ಶುರುವಾಯಿತಲ್ಲ.

ಸದ್ದಿನ ಬಗ್ಗೆಯೂ ಒಂದು ಮಾತು. ಹೊಳೆಯುವ ನೆಲ, ಗಾಜು, ಬರೀ ಗೋಡೆ ಇದ್ದರೆ ಹದಿನೈದು ಜನ ಕೂತ ಕೂಡಲೇ ಕೋಣೆ ಮೊಳಗುತ್ತದೆ, ಎಲ್ಲರೂ ಕಿರುಚಬೇಕಾಗುತ್ತದೆ. ಬೆಂಗಳೂರಿನವರು ಕಾರ್ಪೆಟ್ ಹಾಕುತ್ತಾರೆ. ಇಲ್ಲಿ ಹಾಕಿದರೆ ಜೋರು ಮಳೆಯ ಆಟಿ ತಿಂಗಳೊಳಗೆ ಬೂಷ್ಟಿನ ವಾಸನೆ. ಮರದ ನಾರು ಮತ್ತು ಸಿಮೆಂಟ್ ಸೇರಿಸಿ ಮಾಡಿದ ಹಲಗೆಗಳನ್ನು ಮಾಡಿನ ಕೆಳಗೆ, ಹಿಂದೆ ಗಾಳಿಯಾಡುವಷ್ಟು ಸಂದು ಬಿಟ್ಟು ಕಟ್ಟಿದರೆ ಸಾಕು.

ಈಚೆಗೆ ಆಫೀಸಿಗೆ "ಚಾವಡಿ ಥೀಮ್" ಕೇಳುವವರು ಹೆಚ್ಚಾಗಿದ್ದಾರೆ. ಕೆತ್ತಿದ ಕಂಬ, ಮಂಗಳೂರು ಹೆಂಚು, ತೂಗುಯ್ಯಾಲೆ. ಗುತ್ತಿನ ಮನೆಯ, ಅಂದರೆ ತುಳುನಾಡಿನ ಹಳೇ ಜಮೀನ್ದಾರಿ ಮನೆಯ ಚಾವಡಿ ನನಗೂ ಇಷ್ಟ. ಆದರೆ ಅಲ್ಲಿ ಯಾರು ಮೇಲೆ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನೋದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಹೊಸ ಆಫೀಸಿಗೆ ಕಂಬ ಬರಲಿ, ಆ ಲೆಕ್ಕ ಬೇಡ. ಅದು ನಮಗೆ ಗೊತ್ತಿಲ್ಲದ ಹಾಗೆ ಬಂದುಬಿಡುತ್ತದೆ. ಕ್ಲೀನಿಂಗ್ ಮಾಡುವ ಅಕ್ಕ ಎಲ್ಲಿ ಉಣ್ಣುತ್ತಾರೆ ಅಂತ ಯಾವುದೇ ಆಫೀಸಿನಲ್ಲಿ ಕೇಳಿ. ಮೆಟ್ಟಿಲಿನ ಕೆಳಗೆ, ಬಕೆಟ್ ಕವುಚಿ ಹಾಕಿ ಅದರ ಮೇಲೆ ಕೂತು. ಸೆಕ್ಯೂರಿಟಿಯವರ ಲೋಟ ಬೇರೆ ಕಪಾಟಿನಲ್ಲಿ. ಪ್ಲಾನ್ ಬರೆಯುವ ಮೊದಲು ನಾನು ಮಾಲೀಕರಿಗೆ ಇದನ್ನು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಅಂಗಡಿಗಳಲ್ಲಿ ಇನ್ನೂ ಕಷ್ಟ. ದೊಡ್ಡ ಜವಳಿ ಮಳಿಗೆಗಳಲ್ಲಿ ಸೇಲ್ಸ್ ಹುಡುಗಿಯರು ಬೆಳಿಗ್ಗಿನಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ. ತಲಪಾಡಿ ಗಡಿ ದಾಟಿದರೆ ಸಿಗುವ ಕೇರಳ ಇದಕ್ಕೆ ಮೊದಲೇ ಕಾನೂನು ಮಾಡಿದೆ. ಕೋಝಿಕ್ಕೋಡಿನ ಅಂಗಡಿ ಕೆಲಸದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಕೊಟ್ಟಿತು. ಶೋರೂಂ ಕೆಲಸ ಬಂದಾಗ ನಾನು ಕೌಂಟರಿನ ಒಳಬದಿಗೆ ಮಡಚುವ ಸ್ಟೂಲನ್ನು ಮರದ ಕೆಲಸದಲ್ಲೇ ಸೇರಿಸಿ ಬರೆಯುತ್ತೇನೆ. ಬೇರೆಯಾಗಿ ಬರೆದರೆ ಬಿಲ್ಲಿನಲ್ಲಿ ಕಾಣುತ್ತದೆ, ಕಂಡರೆ ಹೊಡೆದು ಹಾಕುತ್ತಾರೆ. ಗಿರಾಕಿ ಇಲ್ಲದ ಮಧ್ಯಾಹ್ನ ಅಕ್ಕಪಕ್ಕದ ಕೌಂಟರಿನ ಇಬ್ಬರು ಕೂತು ಎರಡು ಮಾತಾಡಲು ಅಷ್ಟು ಸಾಕು.

ಹೊಸ ಆಫೀಸು ಮಾಡಿಸುವವರು ಪೀಠೋಪಕರಣದ ದುಡ್ಡಿನಲ್ಲಿ ಹತ್ತನೇ ಒಂದು ಭಾಗ ತೆಗೆದಿಡಿ. ಓಪನಿಂಗ್ ದಿನಕ್ಕೇ ಎಲ್ಲ ತುಂಬಿಸಬೇಡಿ. ಒಂದಷ್ಟು ಹಗುರ ಕುರ್ಚಿ, ಸ್ಟೂಲ್ ತಂದಿಟ್ಟು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಏಪ್ರಿಲ್ ಸೆಕೆಗೆ ಜನ ಕುರ್ಚಿಗಳನ್ನು ಯಾವ ಕಿಟಕಿಗೆ ಎಳೆದುಕೊಂಡು ಹೋಗುತ್ತಾರೆ, ಜುಲೈನಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ನೋಡಿ. ಹೌಸ್‌ಕೀಪಿಂಗ್‌ನವರಿಗೆ ಮಾತ್ರ ರಾತ್ರಿ ಆ ಕುರ್ಚಿಗಳನ್ನು ವಾಪಸ್ ಸಾಲಾಗಿ ಇಡಬೇಡಿ ಅಂತ ಹೇಳಿಡಿ. ತೆಗೆದಿಟ್ಟ ದುಡ್ಡಿನಲ್ಲಿ ಅದೇ ಜಾಗಕ್ಕೆ ಒಂದು ಫ್ಯಾನ್, ಒಂದು ಪ್ಲಗ್ ಪಾಯಿಂಟ್, ಚಾ ಲೋಟ ಇಡಲು ಒಂದು ಹಲಗೆ ಹಾಕಿಸಿ.