ಸಕ್ಕರೆ ಕಾರ್ಖಾನೆಯ ಪೆನ್‌ಡ್ರೈವ್ ಮತ್ತು ಅಣುಬಾಂಬ್

ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಸೈಬರ್ ಆಡಿಟ್‌ಗೆ ಹೋಗಿದ್ದೆ. "ಬಾಯ್ಲರ್ ಕಂಪ್ಯೂಟರ್‌ಗೆ ಇಂಟರ್ನೆಟ್ಟೇ ಇಲ್ಲ ಸರ್" ಎಂದರು ಇಂಜಿನಿಯರ್. ನಿಜ, ಇರಲಿಲ್ಲ. ಆದರೆ ರಿಪೇರಿಗೆ ಬಂದವರು ಬಿಟ್ಟುಹೋದ ಪೆನ್‌ಡ್ರೈವ್ ಅದರಲ್ಲೇ ಸಿಕ್ಕಿಕೊಂಡಿತ್ತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವೈರಸ್ ಕೂಡ ಇರಾನಿನ ನತಾಂಜ್ ಅಣು ಸ್ಥಾವರವನ್ನು ಹೊಕ್ಕಿದ್ದು ಪೆನ್‌ಡ್ರೈವ್ ಮೂಲಕ ಎನ್ನುತ್ತಾರೆ.

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ವಾಕಿಂಗ್‌ಗೆ ಸಿಗುವ ನಿವೃತ್ತ ಸುಬೇದಾರರೊಬ್ಬರಿಗೆ ಈ ಕತೆ ಹೇಳಿದೆ. "ಹಂಗಾರ ಪಾಕಿಸ್ತಾನದವ್ರು ನಮ್ಮ ಬಾಂಬ್ ಹ್ಯಾಕ್ ಮಾಡಿ ಹಾರಸಬಹುದೇನ್ರೀ?" ಅಂದರು.

ಅದಕ್ಕೆ ನಾನು ಜಾಸ್ತಿ ಹೆದರುವುದಿಲ್ಲ. ನನ್ನ ಚಿಂತೆ ಬೇರೆ. ಮೊದಲ ಪೆಟ್ಟು ತಿಂದರೂ ತಿರುಗಿ ಹೊಡೆಯಬಲ್ಲೆ ಎಂಬ ಧೈರ್ಯ ಇರುವವರೆಗೆ ಯಾರಿಗೂ ಅವಸರ ಇರುವುದಿಲ್ಲ. 'ಅಣುಬಾಂಬನ್ನು ಮೊದಲು ಬಳಸುವುದಿಲ್ಲ' ಎಂದು ಭಾರತ 2003ರಲ್ಲಿ ಹೇಳಿದ್ದು ಈ ಧೈರ್ಯದ ಮೇಲೇ. ಪಾಕಿಸ್ತಾನ ಅಂಥ ಮಾತು ಕೊಟ್ಟಿಲ್ಲ. ಈಗ ಬಾಂಬ್ ಹಾರಿಸುವ ಆದೇಶ ಸಾಗಿಸುವ ನೆಟ್‌ವರ್ಕ್‌ನಲ್ಲೇ ಮಾಲ್‌ವೇರ್, ಅಂದರೆ ಕೇಡು ಮಾಡುವ ಕೋಡ್, ಸಿಕ್ಕಿತು ಅಂದುಕೊಳ್ಳಿ. ಸುಮ್ನೆ ಕದ್ದು ನೋಡಲು ಬಂದದ್ದೋ, ಸಮಯ ನೋಡಿ ಲೈನ್ ಕತ್ತರಿಸಲು ಬಂದದ್ದೋ? ಒಳಗೆ ನುಗ್ಗುವ ದಾರಿ ಎರಡಕ್ಕೂ ಒಂದೇ. ಒಂದು ಕಾರ್ಖಾನೆಯಲ್ಲಿ ಇದನ್ನು ಬಿಡಿಸಲು ನನಗೆ ವಾರಗಟ್ಟಲೆ ಬೇಕು. ಕ್ಷಿಪಣಿ ಗಡಿ ದಾಟಿ ಬರಲು ಕೆಲವೇ ನಿಮಿಷ ಸಾಕು. ನಾಳೆ ನನ್ನ ಆದೇಶ ತಲುಪುತ್ತದೋ ಇಲ್ಲವೋ ಎಂಬ ಅನುಮಾನ ಹೊಕ್ಕವನಿಗೆ ಇವತ್ತೇ ಹೊಡೆಯುವ ಆಸೆ ಹುಟ್ಟುತ್ತದೆ, ಅಲ್ವಾ?

ಹ್ಯಾಕಿಂಗ್ ಕೂಡ ಬೇಕಿಲ್ಲ. 2008ರ ಮುಂಬೈ ದಾಳಿಯ ದಿನಗಳಲ್ಲಿ ಆಗಿನ ನಮ್ಮ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಹೆಸರಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಜರ್ದಾರಿಯವರಿಗೆ ಬೆದರಿಕೆಯ ಫೋನ್ ಹೋಯಿತು, ಅವರ ವಾಯುಪಡೆ ಕಟ್ಟೆಚ್ಚರಕ್ಕೆ ಏರಿತು ಎಂದು ಅಲ್ಲಿನ ಪತ್ರಿಕೆ ಬರೆಯಿತು. ನಾನು ಫೋನ್ ಮಾಡೇ ಇಲ್ಲ ಎಂದರು ಮುಖರ್ಜಿ. ಅದು ಬರೀ ಮಿಮಿಕ್ರಿ. ಈಗ ಕಂಪ್ಯೂಟರೇ ಯಾರ ದನಿಯಲ್ಲಾದರೂ ಮಾತನಾಡುತ್ತದೆ.

ಭಾರತ-ಪಾಕಿಸ್ತಾನದ ಒಂದು ಹಳೆಯ ಒಪ್ಪಂದ ಇನ್ನೂ ಉಸಿರಾಡುತ್ತಿದೆ. 1988ರ ಡಿಸೆಂಬರ್ 31ರಂದು ಸಹಿಯಾದದ್ದು. ಒಬ್ಬರ ಅಣು ಸ್ಥಾವರಕ್ಕೆ ಇನ್ನೊಬ್ಬರು ಹಾನಿ ಮಾಡಬಾರದು. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲೂ ನಿಲ್ಲಿಸಲಿಲ್ಲ. 'ಯಾವುದೇ ಕೃತ್ಯ' ಎಂಬ ಮಾತು ಅದರಲ್ಲಿದೆ, ಹಾಗಾಗಿ ಮಾಲ್‌ವೇರ್ ಕೂಡ ಅದರಲ್ಲಿ ಬರುತ್ತದೆ ಎಂದು ನಾನು ವಾದಿಸುತ್ತೇನೆ. ಆದರೆ ಆದೇಶದ ನೆಟ್‌ವರ್ಕ್, ಎಚ್ಚರಿಕೆಯ ರಾಡಾರ್ ಆ ಒಪ್ಪಂದದಲ್ಲಿ ಇಲ್ಲ. ಸೇರಿಸಿದರೂ ಪಾಲಿಸುತ್ತಿದ್ದಾರೋ ಇಲ್ಲವೋ ಎಂದು ನೋಡುವುದು ಹೇಗೆ? ಕ್ಷಿಪಣಿಯನ್ನು ಉಪಗ್ರಹದಿಂದ ಎಣಿಸಬಹುದು. ಕೋಡ್ ಹಾಗಲ್ಲ. ನಾನು ಅದನ್ನು ಎಣಿಸಬೇಕೆಂದರೆ ಅವರು ತಮ್ಮ ಕಂಪ್ಯೂಟರನ್ನೇ ನನಗೆ ತೆರೆದು ತೋರಿಸಬೇಕು.