ತೋಟಕ್ಕೆ ಔಷಧಿ ಹೊಡೆದರೆ ವೀರ್ಯಾಣು ಸೊರಗುತ್ತದೆಯೇ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಔಷಧಿ ಹೊಡೆಯುವುದೆಲ್ಲ ನಾನೇ. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ವೀರ್ಯಾಣುಗಳ ಚಲನೆ ಕಡಿಮೆ ಎಂದು ರಿಪೋರ್ಟ್ ಬಂದಿದೆ. ಔಷಧಿಯೇ ಕಾರಣವೇ?

ಉತ್ತರ: ಇರಬಹುದು, ಆದರೆ ಎಲ್ಲ ಔಷಧಿಯೂ ಒಂದೇ ಅಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ, ಕಣ್ಣು ಚರ್ಮ ಉರಿಸುತ್ತದೆ. ವೀರ್ಯಾಣುವಿನ ವಿಷಯದಲ್ಲಿ ನಮಗೆ ಹೆಚ್ಚು ಭಯವಿರುವುದು ಬೇರುಹುಳಕ್ಕೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳದ್ದು. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ಅದನ್ನು ಕಾಯುವ ಕಿಣ್ವ ಕಡಿಮೆ. ವಿಷ ತಾಗಿದಾಗ ಬಾಲದ ಬಡಿತ ಕುಗ್ಗುತ್ತದೆ, ತಲೆಯೊಳಗಿನ ಡಿಎನ್‌ಎ ತುಂಡಾಗುತ್ತದೆ. ಎಣಿಕೆ ಸರಿಯಿದ್ದೂ ಗರ್ಭ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್‌ನ ನೋವು ನಮ್ಮ ಜಿಲ್ಲೆಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಈಗಿನ ವಿಷ ಬರುವುದು ಬೆನ್ನ ಮೇಲಿನ ಕ್ಯಾನಿನಿಂದ. ಮುಚ್ಚಳದ ವಾಷರ್ ಸವೆದರೆ ಔಷಧಿ ಬೆನ್ನಿಗುಂಟ ಇಳಿದು ಸೊಂಟದ ಬಟ್ಟೆ ನೆನೆಯುತ್ತದೆ, ಒದ್ದೆ ಚಡ್ಡಿಯಲ್ಲೇ ಸಂಜೆಯವರೆಗೆ ಕೆಲಸ ಸಾಗುತ್ತದೆ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಹಚ್ಚಿ ನೋಡಿದ ಹಳೆಯ ಅಧ್ಯಯನದಲ್ಲಿ, ಬೀಜಚೀಲದ ಚರ್ಮ ಮುಂಗೈಗಿಂತ ಹತ್ತು ಪಟ್ಟಿಗೂ ಹೆಚ್ಚು ಹೀರಿಕೊಂಡಿತ್ತು.

ಹಾಗಾಗಿ ಮೊದಲು ಬರೀ ನೀರು ತುಂಬಿ, ಕ್ಯಾನನ್ನು ಬಗ್ಗಿಸಿ ಸೋರಿಕೆ ನೋಡಿ. ಬೆನ್ನು, ಸೊಂಟಕ್ಕೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಬಟ್ಟೆಯ ಗ್ಲೌಸ್ ಬೇಡ, ಅದು ವಿಷ ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೈಲ್ ಎಂಬ ರಬ್ಬರಿನದ್ದಾಗಲಿ. ಬಾಟಲಿಯ ತೀಕ್ಷ್ಣ ಔಷಧಿಯನ್ನು ನೀರಿಗೆ ಬೆರೆಸುವ ಹೊತ್ತು ಅತಿ ಅಪಾಯದ್ದು, ಕೋಲಿನಿಂದಲೇ ಕಲಕಿ. ನಾಝಲ್ ಕಟ್ಟಿದರೆ ಬಾಯಿಂದ ಊದಬೇಡಿ. ಬಟ್ಟೆ ನೆಂದರೆ ಅಲ್ಲೇ ಬಿಚ್ಚಿ ಸೋಪಿನಿಂದ ತೊಳೆದುಕೊಳ್ಳಿ, ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಕೊನೆಗೌಡರಿಂದ, ಅಂದರೆ ಅಡಿಕೆ ಮರ ಹತ್ತುವ ಕೆಲಸಗಾರರಿಂದ, ಕೆಲಸ ಮಾಡಿಸಿದರೆ ಅವರಿಗೂ ಇದೆಲ್ಲ ಕೊಡಲೇಬೇಕು.

ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನೆರಡು ವಾರ. ಆಗಸ್ಟ್‌ನಲ್ಲಿ ಕೊಟ್ಟ ಮಾದರಿ ಮೇ ತಿಂಗಳಲ್ಲಿ ಮೈಗಿಳಿದದ್ದನ್ನು ಹೇಳುತ್ತದೆ. ಸಂಪರ್ಕ ತಪ್ಪಿಸಿ ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ: 2ರಿಂದ 7 ದಿನ ವೀರ್ಯಸ್ಖಲನ ಇಲ್ಲದೆ ಇರಬೇಕು, ಮಾದರಿ ಒಂದು ಗಂಟೆಯೊಳಗೆ ಲ್ಯಾಬಿಗೆ ಸೇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಟ್ಟು ಚಲನೆಯ, ಅಂದರೆ ಚಲಿಸುವ ವೀರ್ಯಾಣುಗಳ ಪ್ರಮಾಣದ, ಕೆಳಮಿತಿ 42%.

ಮೂರು ವರ್ಷವಾಗಿದೆ, ಆ ಮೂರು ತಿಂಗಳು ಕಾಯುತ್ತ ಕೂರಬೇಡಿ. ವೆರಿಕೋಸಿಲ್ (ಬೀಜಚೀಲದ ರಕ್ತನಾಳ ಉಬ್ಬುವುದು) ಇದೆಯೇ ಎಂದು ಈಗಲೇ ತೋರಿಸಿ, ಪತ್ನಿಯವರ ತಪಾಸಣೆಯೂ ಜೊತೆಗೇ ಆಗಲಿ. ಡಾಕ್ಟರ ಬಳಿ ಹೋಗುವಾಗ ಬಳಸಿದ ಔಷಧಿಗಳ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ.