ಪದ ಪರಿಚಯ: ವಿಪತ್ತು ಸನ್ನದ್ಧತಾ ಯೋಜನೆ

‘ಸನ್ನದ್ಧ’ ಎಂದರೆ ಬಿಗಿದುಕೊಂಡವನು, ಕವಚ ತೊಟ್ಟು ಯುದ್ಧಕ್ಕೆ ನಿಂತವನು. ನಮ್ಮ ‘ಟೊಂಕ ಕಟ್ಟಿ ನಿಲ್ಲು’ ಎಂಬ ಮಾತಿನಲ್ಲೂ ಇದೇ ಚಿತ್ರವಿದೆ. ಆಪತ್ತು ಬಂದಾಗ ಯಾರು ಏನು ಮಾಡಬೇಕು, ಯಾವುದನ್ನು ಎಲ್ಲಿಂದ ತರಬೇಕು ಎಂದು ಸ್ಥಳೀಯ ಆಡಳಿತ ಮೊದಲೇ ಗೊತ್ತುಮಾಡಿ ಬರೆದಿಡುವುದೇ ವಿಪತ್ತು ಸನ್ನದ್ಧತಾ ಯೋಜನೆ.

ಇದು ಪರಿಹಾರವಲ್ಲ. ನೆರೆ ಎಂದೊಡನೆ ‘ಪರಿಹಾರ ಎಷ್ಟು ಕೊಟ್ರು?’ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಅದು ನೀರು ಇಳಿದ ಮೇಲಿನ ಲೆಕ್ಕ. ಸನ್ನದ್ಧತೆ ನೀರು ಏರುವ ಮೊದಲಿನ ಕೆಲಸ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಇಂಥ ಯೋಜನೆ ಇರಲೇಬೇಕು, ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಅದನ್ನು ರೂಪಿಸುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪಂಚಾಯಿತಿ, ಪುರಸಭೆಗಳಿಗೂ ಹೊಣೆಯಿದೆ: ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ಸಾಮಗ್ರಿ ತಕ್ಷಣ ಬಳಕೆಗೆ ಸಿಗುವಂತೆ ಇಟ್ಟಿರಬೇಕು.

ಊರಿನ ಮಟ್ಟದಲ್ಲಿ ಇದರ ಅರ್ಥವೇನು? ಚಿಕ್ಕೋಡಿ ಕಡೆಯ ಕೃಷ್ಣಾ ತೀರವನ್ನೇ ನೋಡಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ, ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ತಗ್ಗಿನ ಸೇತುವೆಗಳು ಮುಳುಗುತ್ತವೆ. ಆಗ ಮೊದಲು ನೀರು ನುಗ್ಗುವ ಓಣಿ ಯಾವುದು, ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಅಲ್ಲಿ ಶೌಚಾಲಯ ಸರಿಯಿದೆಯೇ, ದೋಣಿ ಯಾರದು, ಹಾಸಿಗೆ ಹಿಡಿದವರು ಮತ್ತು ತುಂಬು ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆ, ಕರೆಂಟು ಹೋದರೆ ಡಂಗುರ ಸಾರುವವರು ಯಾರು ಎಂಬುದಕ್ಕೆಲ್ಲ ಉತ್ತರ ಸಿದ್ಧವಿರಬೇಕು. ದನಕರುಗಳ ಮಾತಂತೂ ಬಿಡುವಂತೆಯೇ ಇಲ್ಲ. ‘ದನಾ ಬಿಟ್ಟು ನಾ ಬರೂದಿಲ್ರಿ’ ಎನ್ನುವ ರೈತನನ್ನು ಹಟಮಾರಿ ಎಂದು ಬೈಯುವುದು ತಪ್ಪು. ಅವನ ಬದುಕೇ ಆ ಕೊಟ್ಟಿಗೆಯಲ್ಲಿದೆ. ಮೇವು ಮತ್ತು ದನ ಕಟ್ಟುವ ಜಾಗ ಯೋಜನೆಯಲ್ಲಿ ಇಲ್ಲವಾದರೆ ದೋಣಿ ಬಂದರೂ ಜನ ಹತ್ತುವುದಿಲ್ಲ.

ಕೊಡಗಿನ ಯೋಜನೆ ಹೀಗಿದ್ದರೆ ಸಾಲದು. 2018ರ ಆಗಸ್ಟಿನಲ್ಲಿ ಅಲ್ಲಿ ಕುಸಿದದ್ದು ಗುಡ್ಡ. ನದಿ ಏರುವಾಗ ಸಿಗುವಷ್ಟು ಸಮಯ ಗುಡ್ಡ ಕೊಡುವುದಿಲ್ಲ. ಆದ್ದರಿಂದ ಒಂದು ಜಿಲ್ಲೆಯ ಕಡತವನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಅದು ಯೋಜನೆಯಾಗದು.

ಬರೆದಿಟ್ಟದ್ದೂ ಹಳತಾಗುತ್ತದೆ. ಪಿಡಿಒ ವರ್ಗವಾಗುತ್ತಾರೆ, ದೋಣಿ ತೂತಾಗುತ್ತದೆ, ಮೊಬೈಲ್ ನಂಬರ್ ಬದಲಾಗುತ್ತದೆ. ಅದಕ್ಕೇ ಮುಂಗಾರಿಗೆ ಮುನ್ನ ಅಣಕು ಕಾರ್ಯಾಚರಣೆ, ಅಂದರೆ ಆಪತ್ತು ಬಂದೇ ಬಿಟ್ಟಿದೆ ಎಂದುಕೊಂಡು ಮಾಡುವ ತಾಲೀಮು, ಬೇಕು. ಪಟ್ಟಿಯಲ್ಲಿರುವ ಪ್ರತಿ ನಂಬರಿಗೂ ಒಮ್ಮೆ ಫೋನ್ ಮಾಡಿ, ಆ ಕಡೆ ಯಾರು ಎತ್ತುತ್ತಾರೆಂದು ನೋಡಬೇಕು.